ಪದವಿನ ಮೇಲಿನ ರನ್‌ವೇ: ಮಂಗಳೂರು ವಿಮಾನ ನಿಲ್ದಾಣ, ಒಂದು ಪ್ರಕರಣ ಅಧ್ಯಯನ

ಮಂಗಳೂರಿಗೆ ವಿಮಾನದಲ್ಲಿ ಬರುವಾಗ ಕಿಟಕಿ ಪಕ್ಕದ ಸೀಟು ಸಿಕ್ಕರೆ ಕೊನೆಯ ಅರ್ಧ ನಿಮಿಷ ಕಣ್ಣು ತೆಗೆಯದೆ ಹೊರಗೆ ನೋಡಿ. ಕೆಳಗೆ ತೆಂಗು, ಅಡಿಕೆ, ಹೆಂಚಿನ ಮಾಡುಗಳು, ನಡುವೆ ಗದ್ದೆಯ ತುಂಡು. ನೆಲ ಇನ್ನೂ ಎಷ್ಟೋ ಕೆಳಗಿದೆ ಅನ್ನಿಸುತ್ತಿರುತ್ತದೆ. ಅಷ್ಟರಲ್ಲಿ ಕೆಂಪು ಮಣ್ಣಿನ ಗುಡ್ಡವೊಂದು ಎದ್ದು ಬಂದ ಹಾಗೆ ಕಾಣುತ್ತದೆ. ಅದರ ನೆತ್ತಿ ಹುಲ್ಲು. ಮರುಕ್ಷಣ ಚಕ್ರ ನೆಲ ಮುಟ್ಟಿರುತ್ತದೆ. ಇಳಿಯುತ್ತಾ ಇಳಿಯುತ್ತಾ ನೆಲ ಹತ್ತಿರವಾಗುವ ಅನುಭವ ಇಲ್ಲಿ ಆಗುವುದೇ ಇಲ್ಲ. ನೆಲವೇ ಮೇಲೆ ಬಂದು ನಮ್ಮನ್ನು ಹಿಡಿದುಕೊಂಡ ಹಾಗಿರುತ್ತದೆ.

ನಮ್ಮ ಕಡೆ ಇಂಥ ಜಾಗಕ್ಕೆ ಪದವು ಅನ್ನುತ್ತಾರೆ. ಗುಡ್ಡದ ಮೇಲೆ ಮುರಕಲ್ಲಿನ ಸಮತಟ್ಟು ನೆಲ, ಸುತ್ತ ಇಳಿಜಾರು. ಮಂಗಳೂರಿನಲ್ಲೇ ಪದವಿನಂಗಡಿ ಅಂತ ಊರಿದೆ. ಕರಾವಳಿಯಲ್ಲಿ ಸಮತಟ್ಟು ಜಾಗ ಬೇಕು ಅಂದರೆ ಎರಡೇ ದಾರಿ. ಒಂದು ಗದ್ದೆ, ಇನ್ನೊಂದು ಪದವು. ಗದ್ದೆಯಲ್ಲಿ ಮಳೆಗಾಲದ ನೀರು ನಿಲ್ಲುತ್ತದೆ. ಹಾಗಾಗಿ ವಿಮಾನ ಪದವು ಹತ್ತಿತು. ಸಮುದ್ರ ಮಟ್ಟದಿಂದ ಸುಮಾರು 100 ಮೀಟರ್ ಎತ್ತರದಲ್ಲಿ, ಊರಿನಿಂದ 13 ಕಿಲೋಮೀಟರ್ ದೂರದಲ್ಲಿ, ಬಜಪೆ, ಕೆಂಜಾರು, ಅದ್ಯಪಾಡಿಗಳ ನಡುವೆ ಈ ನಿಲ್ದಾಣ ಕೂತಿದೆ. ಪತ್ರಿಕೆಗಳು ಇದನ್ನು ಟೇಬಲ್‌ಟಾಪ್ ರನ್‌ವೇ ಅನ್ನುತ್ತವೆ.

ನಾನು ಇಲ್ಲಿ ನೋಡಹೊರಟಿರುವುದು 2010ರ ಮೇ 22ರ ಬೆಳಗಿನ ಕೆಲವು ನಿಮಿಷಗಳನ್ನು. ದುಬೈಯಿಂದ ಬಂದ ವಿಮಾನವೊಂದು ಅವತ್ತು ಈ ರನ್‌ವೇ ದಾಟಿ ಕಣಿವೆಗೆ ಬಿತ್ತು. ಅವತ್ತು ಗಾಳಿ ಇರಲಿಲ್ಲ. 6 ಕಿಲೋಮೀಟರ್‌ವರೆಗೆ ಕಣ್ಣಿಗೆ ಕಾಣುತ್ತಿತ್ತು. ವಿಮಾನದಲ್ಲಿ ದೋಷ ಇರಲಿಲ್ಲ. ಕ್ಯಾಪ್ಟನ್‌ಗೆ 10,000 ಗಂಟೆಗೂ ಮೀರಿದ ಹಾರಾಟದ ಅನುಭವ ಇತ್ತು. ಆದರೂ 158 ಜನ ಹೋದರು. 'ಪೈಲಟ್ ತಪ್ಪು' ಅಂತ ಒಂದೇ ಮಾತಿನಲ್ಲಿ ಮುಗಿಸುವವರನ್ನು ಇವತ್ತಿಗೂ ನೋಡುತ್ತೇನೆ. ಅದು ಸುಳ್ಳಲ್ಲ. ಆದರೆ ಪೂರ್ತಿ ಉತ್ತರವೂ ಅಲ್ಲ. ಆ ಬೆಳಗ್ಗೆ ಅರ್ಥ ಆಗಬೇಕಾದರೆ ಈ ಪದವಿನ ಕಥೆಯನ್ನು ಮೊದಲಿನಿಂದ ನೋಡಬೇಕು.

ಮೊದಲ ಐವತ್ತು ವರ್ಷ

1951ರ ಡಿಸೆಂಬರ್ 25ರಂದು ನಿಲ್ದಾಣ ಶುರುವಾಯಿತು. ಪ್ರಧಾನಿ ಜವಾಹರಲಾಲ್ ನೆಹರೂ ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಬಂದು ಇಳಿದರು. ಆಗ ದಕ್ಷಿಣ ಕನ್ನಡ ಮದರಾಸು ರಾಜ್ಯಕ್ಕೆ ಸೇರಿತ್ತು. ಕರ್ನಾಟಕ ಏಕೀಕರಣಕ್ಕೆ ಇನ್ನೂ ಐದು ವರ್ಷ ಇತ್ತು. ಡಿಸಿ-3 ಅಂದರೆ ಎರಡು ಪಂಖದ, ಇಪ್ಪತ್ತು ಮೂವತ್ತು ಜನ ಕೂರುವ ವಿಮಾನ. ಅಂಥದ್ದಕ್ಕೆ ಚಿಕ್ಕ ರನ್‌ವೇ ಸಾಕು.

ಆ ಹಳೆಯ ರನ್‌ವೇ ಉದ್ದ 1,615 ಮೀಟರ್. ಮುಂದೆ ಅದರಲ್ಲೇ ಬೋಯಿಂಗ್ 737 ಜೆಟ್‌ಗಳೂ ಇಳಿದವು. ಎರಡೂ ತುದಿಯಲ್ಲಿ ಇಳಿಜಾರು. ಪೈಲಟ್‌ಗಳಿಗೆ ಇದು ಸುಮ್ನೆ ಬಂದು ಇಳಿದು ಹೋಗುವ ಜಾಗ ಆಗಿರಲಿಲ್ಲ. 1981ರ ಆಗಸ್ಟ್ 19ರಂದು, ಮಳೆಗಾಲದ ಒದ್ದೆ ರನ್‌ವೇಯಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಎಚ್ಎಸ್-748 ವಿಮಾನ ನಿಲ್ಲದೆ ತುದಿ ದಾಟಿತು. ಅಂಚಿನ ಆಚೆ ಸ್ವಲ್ಪದರಲ್ಲೇ ನಿಂತಿತು. ಯಾರೂ ಸಾಯಲಿಲ್ಲ. ವಿಮಾನ ಮಾತ್ರ ಮತ್ತೆ ಹಾರಲಿಲ್ಲ. ಈ ಘಟನೆಯನ್ನು ನೆನಪಿಟ್ಟುಕೊಳ್ಳಬೇಕು. ತುದಿ ದಾಟಿದರೆ ಏನಾಗಬಹುದು ಅಂತ ಈ ಪದವು ಒಮ್ಮೆ ತೋರಿಸಿಕೊಟ್ಟಿತ್ತು.

ಈ ನಡುವೆ ಕರಾವಳಿಯ ಬದುಕೇ ಬದಲಾಯಿತು. ಮನೆಗೊಬ್ಬರು ಅನ್ನುವ ಹಾಗೆ ದುಬೈ, ಅಬುಧಾಬಿ, ದೋಹಾ, ಮಸ್ಕತ್‌ಗೆ ಹೋದರು. ಆದರೆ ಬಜಪೆಯಿಂದ ಗಲ್ಫ್‌ಗೆ ವಿಮಾನ ಇರಲಿಲ್ಲ. ಹೆಚ್ಚಿನವರು ಮುಂಬೈಗೆ ಹೋಗಿ ಅಲ್ಲಿಂದ ಹತ್ತಬೇಕಿತ್ತು. ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಹೋಗಿ ಬರುವುದಕ್ಕೇ ಮೂರು ನಾಲ್ಕು ದಿನ ಖರ್ಚು. ಹಗ್ಗ ಬಿಗಿದು, ಹೆಸರು ಬರೆದ ರಟ್ಟಿನ ಪೆಟ್ಟಿಗೆ ಹೊತ್ತು ಮುಂಬೈ ಬಸ್ಸಿನಿಂದ ಇಳಿಯುತ್ತಿದ್ದವರನ್ನು ನೋಡಿ ಬೆಳೆದ ತಲೆಮಾರು ನಮ್ಮದು. ದೊಡ್ಡ ವಿಮಾನ ನಮ್ಮೂರಿಗೇ ಬರಬೇಕು ಅನ್ನುವ ಬೇಡಿಕೆಯ ಹಿಂದೆ ಇದ್ದದ್ದು ಈ ಮನೆಗಳ ಆಸೆ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಎರಡನೇ ರನ್‌ವೇ

ದೊಡ್ಡ ವಿಮಾನಕ್ಕೆ ಉದ್ದದ ರನ್‌ವೇ ಬೇಕು. ಹಳೆಯದನ್ನು ಎಳೆದು ಉದ್ದ ಮಾಡಲು ಪದವಿನಲ್ಲಿ ಜಾಗ ಇರಲಿಲ್ಲ. ಹಾಗಾಗಿ ಇನ್ನೊಂದು ದಿಕ್ಕಿಗೆ ಹೊಸ ರನ್‌ವೇ ಮಾಡುವ ಯೋಜನೆ ಬಂತು.

ಊರವರಲ್ಲಿ ಎಲ್ಲರೂ ಇದಕ್ಕೆ ಒಪ್ಪಲಿಲ್ಲ. ಬಜಪೆಯ ವಿಮಾನ ನಿಲ್ದಾಣ ವಿಸ್ತರಣಾ ವಿರೋಧಿ ಸಮಿತಿ ಮತ್ತು ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ 1997ರಲ್ಲಿ ಹೈಕೋರ್ಟಿಗೆ ಹೋದವು. 2002ರಲ್ಲಿ ಮತ್ತೆ ಹೋದವು. ಜಮೀನು, ಮನೆ ಹೋಗುತ್ತದೆ ಅನ್ನುವುದು ಒಂದು ದೂರು. ಇನ್ನೊಂದು ದೂರು ಸುರಕ್ಷತೆಯದ್ದು. ರನ್‌ವೇ ಮುಗಿದ ಮೇಲೆ ಕಣಿವೆ ಇದೆ, ವಿಮಾನಕ್ಕೆ ಏನಾದರೂ ಆದರೆ ತಡೆಯಲು ಜಾಗ ಇಲ್ಲ, ಕೆಳಗೆ ರಕ್ಷಣೆಗೆ ಹೋಗಲು ದಾರಿ ಇಲ್ಲ ಅಂತ ಅವರು ಹೇಳಿದ್ದರು. ಅರ್ಜಿಗಳು ಬಿದ್ದುಹೋದವು. 2003ರಲ್ಲಿ ಸುಪ್ರೀಂ ಕೋರ್ಟ್ ಕೂಡ ಮೇಲ್ಮನವಿಯನ್ನು ತಳ್ಳಿಹಾಕಿತು. ಕಾನೂನು, ಪರಿಸರ ನಿಯಮಗಳನ್ನೆಲ್ಲ ಪಾಲಿಸಬೇಕು ಅಂತ ಸರ್ಕಾರಕ್ಕೆ ಹೇಳಿತು.

ಗುಡ್ಡ ಕಡಿದು, ಕಣಿವೆ ತುಂಬಿ, 2,450 ಮೀಟರ್ ಉದ್ದದ ಕಾಂಕ್ರೀಟ್ ರನ್‌ವೇ ಆಯಿತು. 2006ರಲ್ಲಿ ಬಳಕೆಗೆ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ದುಬೈಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಶುರುವಾಯಿತು. ರಾತ್ರಿ ಡ್ಯೂಟಿ ಮುಗಿಸಿ ದುಬೈಯಲ್ಲಿ ವಿಮಾನ ಹತ್ತಿದವರು ಬೆಳಗ್ಗೆ ತಿಂಡಿಗೆ ಮನೆಯಲ್ಲಿ ಇರಬಹುದಾಗಿತ್ತು. ಇದು ಎಷ್ಟು ದೊಡ್ಡ ಬದಲಾವಣೆ ಅಂತ ಮುಂಬೈ ದಾರಿ ನೋಡಿದವರಿಗೆ ಮಾತ್ರ ಗೊತ್ತು. ಉಡುಪಿ, ಕಾಸರಗೋಡಿನವರಿಗೂ ಇದೇ ಹತ್ತಿರ.

ಹೊಸ ರನ್‌ವೇ ಕಾನೂನಿನ ಲೆಕ್ಕದಲ್ಲಿ ಸರಿ ಇತ್ತು. ಇದನ್ನು ಒತ್ತಿ ಹೇಳುತ್ತೇನೆ. 737ಕ್ಕೆ 2,450 ಮೀಟರ್ ಕಡಿಮೆ ಏನಲ್ಲ. ರನ್‌ವೇ ತುದಿಯ ಆಚೆ 'ರೇಸಾ' ಅಂತ ಒಂದು ಸುರಕ್ಷತಾ ಪಟ್ಟಿ ಇರಬೇಕು. ವಿಮಾನ ಅಪ್ಪಿತಪ್ಪಿ ತುದಿ ದಾಟಿದರೆ ನಿಲ್ಲಲು ಬಿಟ್ಟ ಜಾಗ ಅದು. ಅಂತರರಾಷ್ಟ್ರೀಯ ನಿಯಮದಲ್ಲಿ ಕನಿಷ್ಠ 90 ಮೀಟರ್ ಕಡ್ಡಾಯ. 240 ಮೀಟರ್ ಇದ್ದರೆ ಒಳ್ಳೆಯದು ಅನ್ನುವುದು ಶಿಫಾರಸು. ಬಜಪೆಯಲ್ಲಿ ಇದ್ದದ್ದು 90. ಬಯಲು ಸೀಮೆಯ ನಿಲ್ದಾಣವೊಂದರಲ್ಲಿ 90 ಮೀಟರ್ ಆದ ಮೇಲೂ ಹೊಲ ಇರುತ್ತದೆ, ಬೇಲಿ ಇರುತ್ತದೆ, ಮತ್ತೆ ಹೊಲ ಇರುತ್ತದೆ. ಪದವಿನಲ್ಲಿ ಹಾಗಲ್ಲ. ಎರಡೂ ಕಡೆ ಅಂಕಿ ಒಂದೇ, ಆದರೆ ಅದರ ಬೆಲೆ ಒಂದೇ ಅಲ್ಲ. ಅಳತೆ ಮಾಡಿದವರು ಇದನ್ನು ಗಣನೆಗೆ ತೆಗೆದುಕೊಂಡಂತೆ ಕಾಣುವುದಿಲ್ಲ.

ವಿಮಾನ ಕಂಪನಿ ಮಾತ್ರ ಒಂದು ವಿಶೇಷ ನಿಯಮ ಮಾಡಿಕೊಂಡಿತ್ತು. ಮಂಗಳೂರಿನಲ್ಲಿ ಏರಿಸುವುದು, ಇಳಿಸುವುದು ಎರಡನ್ನೂ ಕ್ಯಾಪ್ಟನ್ ಮಾತ್ರ ಮಾಡಬೇಕು, ಸಹ ಪೈಲಟ್ ಮಾಡಬಾರದು. ಕಷ್ಟದ ಜಾಗ ಅನ್ನುವ ಎಚ್ಚರಿಕೆಯಿಂದಲೇ ಮಾಡಿದ ನಿಯಮ. ಆದರೆ ಇದರಿಂದ ಸಹ ಪೈಲಟ್‌ನ ಮನಸ್ಸಿನಲ್ಲಿ ಏನು ಕೂತುಕೊಳ್ಳುತ್ತದೆ? ಈ ಊರಲ್ಲಿ ನಿಯಂತ್ರಣಕ್ಕೆ ಕೈ ಹಾಕುವುದು ನನ್ನ ಕೆಲಸ ಅಲ್ಲ ಅಂತ ಅಲ್ವಾ?

ಮೇ 22, ಬೆಳಗ್ಗೆ

ಅವತ್ತಿಗೆ ಒಂದು ವಾರ ಮೊದಲು, ಮೇ 15ರಂದು, ಕೆಂಜಾರು ಕಡೆ ಕಟ್ಟಿದ ಹೊಸ ಟರ್ಮಿನಲ್‌ನ ಉದ್ಘಾಟನೆ ಆಗಿತ್ತು. ಬಳಕೆ ಇನ್ನೂ ಶುರುವಾಗಿರಲಿಲ್ಲ. ದುಬೈ ವಿಮಾನಕ್ಕೆ ಕಾಯುತ್ತಿದ್ದವರು ಬಜಪೆ ಕಡೆಯ ಹಳೆಯ ಟರ್ಮಿನಲ್ ಹೊರಗೆ ನಿಂತಿದ್ದರು.

ವಿಮಾನ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಐಎಕ್ಸ್-812, ಬೋಯಿಂಗ್ 737-800. ಒಳಗೆ 160 ಪ್ರಯಾಣಿಕರು, 6 ಸಿಬ್ಬಂದಿ. ಇದೇ ಸಿಬ್ಬಂದಿ ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ಹೋಗಿ, ಅಲ್ಲಿಂದಲೇ ತಿರುಗಿ ಹೊರಟಿದ್ದರು. ನಮ್ಮ ಸಮಯ ಬೆಳಗಿನ ಜಾವ 2:36ಕ್ಕೆ ದುಬೈ ಬಿಟ್ಟಿತು. ಮನುಷ್ಯನ ಮೈ ನಿದ್ರೆ ಕೇಳುವ ಹೊತ್ತು.

ಕಾಕ್‌ಪಿಟ್ ಧ್ವನಿಮುದ್ರಿಕೆಯಲ್ಲಿ ಕೊನೆಯ ಎರಡು ಗಂಟೆ ಐದು ನಿಮಿಷ ಸಿಕ್ಕಿತು. ಅದರ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ಮಾತೇ ಇಲ್ಲ. ಉಸಿರಿನ ಸದ್ದು, ಗೊರಕೆ. ಸಹ ಪೈಲಟ್ ಒಬ್ಬರೇ ಟವರ್ ಜೊತೆ ಮಾತಾಡುತ್ತಿದ್ದಾರೆ. ಮಂಗಳೂರಿನ ರಾಡಾರ್ ಮೇ 20ರಿಂದ ಕೆಟ್ಟಿತ್ತು. ರಾಡಾರ್ ಇಲ್ಲದ್ದರಿಂದ ವಿಮಾನಕ್ಕೆ ಎತ್ತರ ತಗ್ಗಿಸಲು ಅನುಮತಿ ಸಿಕ್ಕಿದ್ದು ಯಾವತ್ತಿಗಿಂತ ತಡವಾಗಿ, ಊರಿಗೆ ಹೆಚ್ಚು ಹತ್ತಿರ ಬಂದ ಮೇಲೆ. ಇದನ್ನು ಸರಿದೂಗಿಸಲು ಮೊದಲೇ ಯೋಚನೆ ಮಾಡಿ ಲೆಕ್ಕ ಹಾಕಿಕೊಳ್ಳಬೇಕಿತ್ತು. ಹಾಕಿಕೊಂಡಿರಲಿಲ್ಲ. ಕ್ಯಾಪ್ಟನ್ ಎದ್ದದ್ದು ಈ ಹೊತ್ತಿಗೆ.

ಗಾಢ ನಿದ್ರೆಯಿಂದ ತಟ್ಟನೆ ಎದ್ದವರಿಗೆ ಸ್ವಲ್ಪ ಹೊತ್ತು ತಲೆ ಓಡುವುದಿಲ್ಲ. ಕಣ್ಣು ತೆರೆದಿರುತ್ತದೆ, ಕೈ ಕೆಲಸ ಮಾಡುತ್ತಿರುತ್ತದೆ, ತೀರ್ಮಾನ ಮಾತ್ರ ಮಂಕಾಗಿರುತ್ತದೆ. ನೈಟ್ ಶಿಫ್ಟ್ ಮಾಡಿದವರಿಗೆಲ್ಲ ಇದು ಗೊತ್ತು.

ವಿಮಾನ ಇರಬೇಕಾದದ್ದಕ್ಕಿಂತ ತುಂಬಾ ಮೇಲೆ ಇತ್ತು. ಬೇಗ ಇಳಿಸಬೇಕು ಅಂತ ಸುಮಾರು 8,500 ಅಡಿಯಲ್ಲೇ ಚಕ್ರ ಬಿಟ್ಟರು. ಸ್ಪೀಡ್ ಬ್ರೇಕ್ ಹಾಕಿದರು. ಸಾಲಲಿಲ್ಲ. ರನ್‌ವೇಗೆ ದಾರಿ ತೋರಿಸುವ ಐಎಲ್‌ಎಸ್ ಸಂಕೇತದ ಮೇಲೆ ಇನ್ನೊಂದು ಸುಳ್ಳು ಸಂಕೇತವೂ ಇರುತ್ತದೆ. ಮಾಮೂಲು ಇಳಿಜಾರಿಗಿಂತ ಎರಡರಷ್ಟು ಕಡಿದಾದದ್ದು. ವಿಮಾನ ಅದನ್ನು ಹಿಡಿದುಕೊಂಡು ಬರುತ್ತಿತ್ತು. ರನ್‌ವೇ ಎರಡೂವರೆ ಮೈಲಿ ದೂರ ಇರುವಾಗ ಎತ್ತರ ಇರಬೇಕಾದದ್ದಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟು.

ಟವರ್‌ನವರು ಕೇಳಿದರು, ಸರಿಯಾದ ದಾರಿಯಲ್ಲಿ ಇದ್ದೀರಾ ಅಂತ. ಇದ್ದೇವೆ ಅನ್ನುವ ಉತ್ತರ ಹೋಯಿತು. ಇಳಿಯಲು ಅನುಮತಿ ಸಿಕ್ಕಿತು. ರಾಡಾರ್ ಇಲ್ಲದ ಟವರ್‌ಗೆ ಆ ಉತ್ತರವನ್ನು ನಂಬುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಸಹ ಪೈಲಟ್ 'ಗೋ ಅರೌಂಡ್' ಅಂದರು. ಹಾಗಂದರೆ ಇಳಿಯುವುದನ್ನು ಅಲ್ಲಿಗೇ ಬಿಟ್ಟು, ಮೇಲೇರಿ, ಒಂದು ಸುತ್ತು ಹಾಕಿ ಮತ್ತೆ ಬರುವುದು. ಹತ್ತು ಹದಿನೈದು ನಿಮಿಷ ಜಾಸ್ತಿ ಆಗುತ್ತದೆ, ಸ್ವಲ್ಪ ಇಂಧನ ಹೋಗುತ್ತದೆ, ಅಷ್ಟೇ. ಇದು ಸೋಲಲ್ಲ, ದಿನನಿತ್ಯದ ಕೆಲಸ. ಕ್ಯಾಪ್ಟನ್ ಆಟೋಪೈಲಟ್ ತೆಗೆದು ವಿಮಾನವನ್ನು ಕೆಳಗೆ ತಳ್ಳಿದರು. ನಿಮಿಷಕ್ಕೆ 4,000 ಅಡಿ ಹತ್ತಿರದ ವೇಗದಲ್ಲಿ ಅದು ಕುಸಿಯತೊಡಗಿತು. ಎಚ್ಚರಿಕೆಯ ಯಂತ್ರ ಒಂದೇ ಸಮನೆ ಕೂಗುತ್ತಿತ್ತು: ಇಳಿಯುವ ವೇಗ ಜಾಸ್ತಿಯಾಯಿತು, ಮೇಲೆತ್ತಿ, ಮೇಲೆತ್ತಿ. ಸಹ ಪೈಲಟ್ ಒಟ್ಟು ಮೂರು ಸಲ ಗೋ ಅರೌಂಡ್ ಅಂದರು. ಅವರು ಅದುವರೆಗೆ ಮಂಗಳೂರಿಗೆ 66 ಸಲ ಬಂದಿದ್ದವರು. ಕ್ಯಾಪ್ಟನ್ ಬಂದಿದ್ದದ್ದು 16 ಸಲ. ಈ ಎರಡು ಅಂಕಿಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಜಾಗ ಚೆನ್ನಾಗಿ ಗೊತ್ತಿದ್ದವರು ಬೇಡ ಅನ್ನುತ್ತಿದ್ದರು. ಅಧಿಕಾರ ಇದ್ದವರು ಕೇಳಲಿಲ್ಲ.

ರನ್‌ವೇ ಶುರುವಾಗುವ ಜಾಗದಲ್ಲಿ ವಿಮಾನ 50 ಅಡಿ ಎತ್ತರದಲ್ಲಿ ಇರಬೇಕು. 200 ಅಡಿಯಲ್ಲಿತ್ತು. ವೇಗ 144 ನಾಟ್ ಇರಬೇಕಿತ್ತು, 160 ದಾಟಿತ್ತು. ಸುಮಾರು 4,500 ಅಡಿ ಹೋದ ಮೇಲೆ ಚಕ್ರ ಒಮ್ಮೆ ತಾಗಿ ಪುಟಿಯಿತು. ಎಲ್ಲ ಚಕ್ರ ನೆಲದಲ್ಲಿ ಕೂತದ್ದು 5,200 ಅಡಿಯಲ್ಲಿ.

5,200 ಅಡಿ ಅಂದರೆ 1,585 ಮೀಟರ್. ಹಳೆಯ ರನ್‌ವೇ ಪೂರ್ತಿ ಉದ್ದವೇ 1,615 ಮೀಟರ್ ಅಂತ ಮೊದಲು ಹೇಳಿದ್ದೆ. ಅಂದರೆ ಐವತ್ತು ವರ್ಷ ವಿಮಾನಗಳು ಇಳಿದು, ಓಡಿ, ನಿಂತ ಒಂದು ಇಡೀ ರನ್‌ವೇಯಷ್ಟು ಉದ್ದ ಅವತ್ತು ಗಾಳಿಯಲ್ಲೇ ಕಳೆದುಹೋಯಿತು. ಗುಡ್ಡ ಕಡಿದು, ಜನರನ್ನು ಎಬ್ಬಿಸಿ, ಕೋರ್ಟು ಹತ್ತಿ ಗಳಿಸಿದ ಮೀಟರುಗಳೆಲ್ಲ ವಿಮಾನದ ಹೊಟ್ಟೆಯ ಕೆಳಗೆ ಹರಿದುಹೋದವು. ಉಳಿದದ್ದು ಸುಮಾರು 860 ಮೀಟರ್.

ತುದಿಯ ಆಚೆ

ಇಷ್ಟಾದ ಮೇಲೂ ಒಂದು ಅವಕಾಶ ಇತ್ತು. ನೆಲ ಮುಟ್ಟಿದ ಕ್ಷಣದಿಂದಲೇ ಪೂರ್ತಿ ಬ್ರೇಕ್ ಒತ್ತಿ, ಎಂಜಿನ್‌ಗಳನ್ನು ಪೂರ್ತಿ ಹಿಮ್ಮುಖ ಮಾಡಿದ್ದರೆ ಇದ್ದ ಜಾಗದಲ್ಲೇ ವಿಮಾನ ನಿಲ್ಲುತ್ತಿತ್ತು ಅಂತ ತನಿಖೆ ಹೇಳಿತು. ಕ್ಯಾಪ್ಟನ್ ಮೊದಲು ನಿಲ್ಲಿಸಲು ಹೊರಟರು. ಕೆಲವೇ ಸೆಕೆಂಡಿನಲ್ಲಿ ಮನಸ್ಸು ಬದಲಿಸಿ ಮತ್ತೆ ಹಾರಲು ನೋಡಿದರು. ಅಷ್ಟು ಹೊತ್ತು ಒಲ್ಲೆ ಅಂದ ಗೋ ಅರೌಂಡನ್ನು ಮಾಡಬಾರದ ಹೊತ್ತಿನಲ್ಲಿ ಮಾಡಹೋದರು. 'ರನ್‌ವೇ ಉಳಿದಿಲ್ಲ' ಅನ್ನುವ ಅರ್ಥದ ಸಹ ಪೈಲಟ್ ಮಾತು ಮುದ್ರಿಕೆಯಲ್ಲಿದೆ.

ತುದಿಯಲ್ಲಿ ವಿಮಾನ ತಡೆಯಲೆಂದು ಹಾಕಿದ ಮರಳಿನ ಹಾಸು ಇತ್ತು. ಅದನ್ನು ಸೀಳಿಕೊಂಡು ಹೋಯಿತು. 90 ಮೀಟರ್ ಸುರಕ್ಷತಾ ಪಟ್ಟಿ ಮುಗಿಯಿತು. ಅಲ್ಲಿಂದ 85 ಮೀಟರ್ ಆಚೆ ಲೋಕಲೈಸರ್ ಅನ್ನುವ ಆಂಟೆನಾ ಸಾಲು ಇತ್ತು. ಬರುವ ವಿಮಾನಕ್ಕೆ ರನ್‌ವೇಯ ನಡು ಗೆರೆ ತೋರಿಸುವ ಉಪಕರಣ ಅದು. ಅದನ್ನು ಕಾಂಕ್ರೀಟ್ ಕಟ್ಟೆಯ ಮೇಲೆ ನಿಲ್ಲಿಸಿದ್ದರು. ಇಂಥ ಜಾಗದಲ್ಲಿ ಇರುವುದು ತಾಗಿದರೆ ಮುರಿದು ಬೀಳುವ ಹಾಗೆ ಇರಬೇಕು. ವಿಮಾನಕ್ಕೆ ದಾರಿ ತೋರಿಸುವುದೇ ವಿಮಾನದ ರೆಕ್ಕೆ ಮುರಿಯಬಾರದು. ಬಲ ರೆಕ್ಕೆ ಆ ಕಾಂಕ್ರೀಟಿಗೆ ಬಡಿಯಿತು. ಬೇಲಿ ಮುರಿದು ವಿಮಾನ ಕಣಿವೆಗೆ ಬಿತ್ತು. ಬೆಂಕಿ ಹೊತ್ತಿತು. ಗಂಟೆ 6:05.

ಒಡೆದ ವಿಮಾನದ ಬಿರುಕಿನಿಂದ ಹೊರಗೆ ಬಂದು ಬದುಕಿದವರು ಎಂಟು ಜನ.

ಮೊದಲು ಓಡಿ ಬಂದವರು ಕೆಂಜಾರು ಸುತ್ತಿನ ಊರವರು. ಬೆಳಗಿನ ಹೊತ್ತು, ಕೈಗೆ ಸಿಕ್ಕಿದ್ದು ಹಿಡಿದುಕೊಂಡು ಗುಡ್ಡ ಇಳಿದರು. ಅಗ್ನಿಶಾಮಕ ವಾಹನಗಳಿಗೆ ಆ ಇಳಿಜಾರು, ಆ ಕಿರುದಾರಿ ದೊಡ್ಡ ಕಷ್ಟವಾಯಿತು. ವರ್ಷಗಳ ಹಿಂದೆ ಅರ್ಜಿಯಲ್ಲಿ ಬರೆದಿದ್ದ ಮಾತನ್ನು ಇಲ್ಲಿ ನೆನಪಿಸುವುದು 'ನಾವು ಹೇಳಿರಲಿಲ್ಲವಾ' ಅನ್ನಲಿಕ್ಕಲ್ಲ. ಊರಿನವರಿಗೆ ಊರಿನ ನೆಲ ಗೊತ್ತಿರುತ್ತದೆ. ಅವರ ಮಾತನ್ನು ಬರೀ ಅಡ್ಡಿ ಅಂತ ನೋಡಿದರೆ ಅದರಲ್ಲಿರುವ ತಿಳುವಳಿಕೆಯೂ ಬಿದ್ದುಹೋಗುತ್ತದೆ.

ತನಿಖೆ ಹೇಳಿದ್ದು, ನನಗೆ ಕಂಡದ್ದು

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದಲ್ಲಿ ತನಿಖೆ ನಡೆಯಿತು. ವರದಿ ಅದೇ ವರ್ಷ ಬಂತು. ಸ್ಥಿರವಾಗಿಲ್ಲದ ಇಳಿಕೆಯನ್ನು ಕ್ಯಾಪ್ಟನ್ ಕೈಬಿಡದೇ ಇದ್ದದ್ದು, ಸಹ ಪೈಲಟ್ ಮೂರು ಸಲ ಹೇಳಿದರೂ ಯಂತ್ರ ಎಚ್ಚರಿಸಿದರೂ ಮುಂದುವರಿಸಿದ್ದು ನೇರ ಕಾರಣ. ಜೊತೆಗೆ ಮೂರು ಕಾರಣಗಳನ್ನು ವರದಿ ಸೇರಿಸಿತು. ದೀರ್ಘ ನಿದ್ರೆಯಿಂದ ಎದ್ದ ಮಂಕು. ರಾಡಾರ್ ಇಲ್ಲದೆ ತಡವಾದ ಇಳಿಕೆ. ಮೂರನೆಯದು, ಸಹ ಪೈಲಟ್ ಯಾವಾಗ ತಾನೇ ನಿಯಂತ್ರಣ ತೆಗೆದುಕೊಳ್ಳಬಹುದು ಅನ್ನುವ ಬಗ್ಗೆ ಸೂಚನೆಗಳಲ್ಲಿದ್ದ ಗೊಂದಲ.

ಈ ಮೂರನೆಯದರ ಹತ್ತಿರವೇ ನಾನು ಮತ್ತೆ ಮತ್ತೆ ಬಂದು ನಿಲ್ಲುತ್ತೇನೆ. ಸಹ ಪೈಲಟ್ ಮುಂದೆಯೂ ಕ್ಯಾಪ್ಟನ್ ಮುಂದೆ ಇರುವಂಥದ್ದೇ ನಿಯಂತ್ರಣ ಕಡ್ಡಿ ಇತ್ತು. ಅದನ್ನು ಎಳೆದಿದ್ದರೆ ಸಾಕಿತ್ತು. ಎಳೆಯಲಿಲ್ಲ. ಅವರಿಗೆ ಧೈರ್ಯ ಇರಲಿಲ್ಲ ಅಂತ ಹೇಳುವುದು ಸುಲಭ. ಆದರೆ ಮಂಗಳೂರಿನಲ್ಲಿ ಕ್ಯಾಪ್ಟನ್ ಮಾತ್ರ ಇಳಿಸಬೇಕು ಅನ್ನುವ ನಿಯಮದ ಕೆಳಗೆ, ತನಗಿಂತ ಹಿರಿಯರ ಪಕ್ಕದಲ್ಲಿ, ನೆಲಕ್ಕೆ ಕೆಲವೇ ನೂರು ಅಡಿ ಇರುವಾಗ ಕಡ್ಡಿ ಎಳೆಯಬೇಕು. ನಮ್ಮಲ್ಲಿ ಎಷ್ಟು ಜನ ಹಿರಿಯ ಅಧಿಕಾರಿಯ ಕೈಯಿಂದ ಪೆನ್ ಕಿತ್ತುಕೊಂಡಿದ್ದೇವೆ? ಮೂರು ಸಲ ಹೇಳಿದರಲ್ಲ, ಅದೇ ನಮ್ಮ ಕಚೇರಿಗಳಲ್ಲಿ ದೊಡ್ಡ ಮಾತು. ವಿಮಾನದಲ್ಲಿ ಮಾತ್ರ ಅದು ಸಾಲುವುದಿಲ್ಲ.

ಇನ್ನೊಂದು ಅಂಶವೂ ವರದಿಯಲ್ಲಿದೆ. ಗಟ್ಟಿಯಾಗಿ ನೆಲಕ್ಕೆ ಬಡಿದ ಇಳಿಕೆಗಳಿಗೆ ಕಂಪನಿ ಪೈಲಟ್‌ಗಳಿಂದ ವಿವರಣೆ ಕೇಳುತ್ತಿತ್ತು. ಮೆತ್ತಗೆ ಇಳಿಸಬೇಕು ಅನ್ನುವ ಒತ್ತಡ ಹೀಗೆ ಹುಟ್ಟುತ್ತದೆ. ಮೆತ್ತಗೆ ಇಳಿಸಲು ಹೋದಷ್ಟೂ ವಿಮಾನ ತೇಲುತ್ತಾ ಮುಂದೆ ಹೋಗುತ್ತದೆ. ಟೇಬಲ್‌ಟಾಪ್‌ನಲ್ಲಿ ಒಳ್ಳೆಯ ಇಳಿಕೆ ಅಂದರೆ ಸರಿಯಾದ ಜಾಗದಲ್ಲಿ ಗಟ್ಟಿಯಾಗಿ ಕೂರುವುದು. ಬೆನ್ನಿಗೆ ಕುಲುಕಿದರೂ ಪರವಾಗಿಲ್ಲ.

ಪರಿಹಾರದ ವಿಷಯ ಬೇರೆಯೇ ದೊಡ್ಡ ಕಥೆ. ವಿಮಾನ ಪ್ರಯಾಣಿಕರಿಗೆ ಕೊಡುವ ಪರಿಹಾರದ ಬಗ್ಗೆ ದೇಶಗಳು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿತ್ತು. ಅದರ ಪ್ರಕಾರ ಪ್ರತಿ ಕುಟುಂಬಕ್ಕೂ ಕನಿಷ್ಠ ಸುಮಾರು 75 ಲಕ್ಷ ಸಿಗಬೇಕು ಅನ್ನುವ ವಾದ ಕೇರಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಒಂದು ಕುಟುಂಬಕ್ಕೆ 7.64 ಕೋಟಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಮೇ ತಿಂಗಳಲ್ಲಿ, ಸರಿಯಾಗಿ ಹತ್ತು ವರ್ಷದ ಮೇಲೆ. ಹತ್ತು ವರ್ಷದಲ್ಲಿ ಮಕ್ಕಳು ಶಾಲೆ ಮುಗಿಸಿ ಕಾಲೇಜೂ ಮುಗಿಸಿರುತ್ತಾರೆ.

ಈಗಿನ ನಿಲ್ದಾಣ

ದುರಂತ ಆದ ಹತ್ತು ಹನ್ನೆರಡು ದಿನಕ್ಕೆ ಕೆಂಜಾರಿನ ಹೊಸ ಟರ್ಮಿನಲ್ ಕೆಲಸ ಶುರುಮಾಡಿತು. 2012ರಲ್ಲಿ ಅಂತರರಾಷ್ಟ್ರೀಯ ನಿಲ್ದಾಣದ ಸ್ಥಾನ ಸಿಕ್ಕಿತು. 2020ರ ಅಕ್ಟೋಬರ್ 31ರಿಂದ ಅದಾನಿ ಸಮೂಹ 50 ವರ್ಷದ ಗುತ್ತಿಗೆಯಲ್ಲಿ ನಡೆಸುತ್ತಿದೆ.

ಉದ್ದದ ರನ್‌ವೇ ಒಂದೇ ಇರುವ ಊರಿನಲ್ಲಿ ಅದರ ದುರಸ್ತಿ ಎಷ್ಟು ಕಷ್ಟ ಅಂತ 2023ರಲ್ಲಿ ನೋಡಿದೆವು. ಕಾಂಕ್ರೀಟ್ ಮೇಲೆ ಡಾಂಬರಿನ ಹೊಸ ಪದರ ಹಾಕಬೇಕಿತ್ತು. ಜನವರಿ ಕೊನೆಯಿಂದ ದಿನಾ ಬೆಳಗ್ಗೆ 9:30ರಿಂದ ಸಂಜೆ 6ರವರೆಗೆ ರನ್‌ವೇ ಮುಚ್ಚಿದರು. ಹಗಲಿನ ವಿಮಾನಗಳೆಲ್ಲ ರಾತ್ರಿಗೆ, ಬೆಳಗಿನ ಜಾವಕ್ಕೆ ಸರಿದವು. ಹಗಲು ಹಾಕಿದ ಪದರ ಸಂಜೆಗೆ ವಿಮಾನದ ಭಾರ ಹೊರುವಷ್ಟು ಗಟ್ಟಿಯಾಗಿರಬೇಕು. ಮಳೆ ಹಿಡಿಯುವ ಮುಂಚೆ ಎಲ್ಲ ಮುಗಿಯಬೇಕು. 75 ದಿನದಲ್ಲಿ ಮುಗಿಸಿದರು. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುತ್ತದೆ. ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಟೇಬಲ್‌ಟಾಪ್‌ನಲ್ಲಿ ಡಾಂಬರಿನ ಹಿಡಿತ ಅಂದರೆ ಜೀವದ ಮಾತು.

ತುದಿಯ ಆಚೆಯ ಜಾಗದ ಪ್ರಶ್ನೆ ಇನ್ನೂ ದೊಡ್ಡದು. ಸುರಕ್ಷತಾ ಪಟ್ಟಿ 240 ಮೀಟರ್ ಆಗಬೇಕು, ಇಲ್ಲದಿದ್ದರೆ 'ಎಮಾಸ್' ಹಾಕಬೇಕು ಅನ್ನುವುದು 2010ರಿಂದ ಕೇಳುತ್ತಿರುವ ಮಾತು. ಎಮಾಸ್ ಅಂದರೆ ಭಾರಕ್ಕೆ ಪುಡಿಯಾಗುವ ಹಗುರ ಕಾಂಕ್ರೀಟಿನ ಹಾಸು. ವಿಮಾನದ ಚಕ್ರ ಅದರಲ್ಲಿ ಹೂತು ನಿಲ್ಲುತ್ತದೆ. ಇಂಥ ಊರಿಗೆ ಅದು ದುಬಾರಿ ಅಂತ ಹೇಳುವುದನ್ನು ನಾನು ಒಪ್ಪಲಾರೆ. 2020ರ ಆಗಸ್ಟ್ 7ರಂದು ಕೋಳಿಕ್ಕೋಡ್‌ನ ಟೇಬಲ್‌ಟಾಪ್‌ನಲ್ಲಿ ಅದೇ ಕಂಪನಿಯ, ಅದೇ ಮಾದರಿಯ, ದುಬೈಯಿಂದಲೇ ಬಂದ ವಿಮಾನ ತುದಿ ದಾಟಿ ಬಿತ್ತು. 21 ಜನ ಸತ್ತರು. 8,858 ಅಡಿ ರನ್‌ವೇಯಲ್ಲಿ ಅದು ನೆಲ ಮುಟ್ಟಿದ್ದು 4,438 ಅಡಿಯಲ್ಲಿ. ಅಲ್ಲೂ ಸಹ ಪೈಲಟ್ ಗೋ ಅರೌಂಡ್ ಅಂದಿದ್ದರು. ಆ ವರದಿ ಓದುವಾಗ ಬಜಪೆಯ ವರದಿಯನ್ನೇ ಮತ್ತೆ ಓದಿದ ಹಾಗಾಯಿತು.

ಮಳೆಗಾಲದಲ್ಲಿ ನಿಲ್ದಾಣದ ಹೊರಗೆ ಕಾಯುವಾಗ ಒಂದು ದೃಶ್ಯ ಆಗಾಗ ಕಾಣಸಿಗುತ್ತದೆ. ಮೋಡದೊಳಗೆ ವಿಮಾನದ ಸದ್ದು ಹತ್ತಿರ ಬರುತ್ತದೆ. ಬಂತು ಬಂತು ಅಂತ ಮಕ್ಕಳನ್ನು ಎತ್ತಿಕೊಂಡು ಎಲ್ಲ ಮುಂದೆ ಬರುತ್ತಾರೆ. ಸದ್ದು ಒಮ್ಮೆಲೇ ಜೋರಾಗಿ, ಆಮೇಲೆ ದೂರ ಹೋಗುತ್ತದೆ. ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಬೋರ್ಡಿನಲ್ಲಿ ಬೆಂಗಳೂರಿಗೆ ಹೋಯಿತು ಅಂತ ಬರುತ್ತದೆ. ಟ್ಯಾಕ್ಸಿಯವರು ಗಡಿಯಾರ ನೋಡುತ್ತಾರೆ, ಫೋನುಗಳು ಶುರುವಾಗುತ್ತವೆ, ಬೇಜಾರು, ಗೊಣಗಾಟ. ನನಗೆ ಮಾತ್ರ ಆ ದೂರ ಹೋಗುವ ಸದ್ದು ಕೇಳಿದರೆ ಸಮಾಧಾನ ಆಗುತ್ತದೆ. ಒಳಗೆ ಯಾರೋ ಬೇಡ ಅಂದಿದ್ದಾರೆ, ಪಕ್ಕದವರು ಕೇಳಿದ್ದಾರೆ.

ನಿಲ್ದಾಣದಿಂದ ಊರಿಗೆ ಇಳಿಯುವಾಗ ಮರವೂರಿನಲ್ಲಿ ಫಲ್ಗುಣಿ ಹೊಳೆಯ ಸೇತುವೆ ಸಿಗುತ್ತದೆ. 2021ರ ಜೂನ್‌ನಲ್ಲಿ ಇದರ ಕಂಬ ಕುಸಿದು ದಾರಿಯೇ ಬಂದ್ ಆಗಿತ್ತು. ಅದೇ ಹೊಳೆ ಕೆಳಗೆ ಕೂಳೂರು ದಾಟಿ ತಣ್ಣೀರುಬಾವಿ ಕಡೆ ಹೋಗುತ್ತದೆ. ಗುರುತು ಸಿಗದ 12 ಜನರನ್ನು ಮಣ್ಣು ಮಾಡಿದ ಜಾಗ ಅಲ್ಲೇ, ಹೊಳೆಯ ಬದಿಯಲ್ಲಿ. ಈಗ ಅದು ಸ್ಮಾರಕ ಉದ್ಯಾನ. ಪ್ರತಿ ವರ್ಷ ಮೇ 22ರ ಬೆಳಗ್ಗೆ ಜಿಲ್ಲಾಡಳಿತದವರು, ಮನೆಯವರು ಬಂದು ಹೂ ಇಡುತ್ತಾರೆ. ಕೆಲವರು ಕಾಸರಗೋಡಿನಿಂದ ಬರುತ್ತಾರೆ.